ರೆನೈಸಾನ್ಸ್ ಗೌನ್ ಹೊಲಿಯುವವರು ಮೊದಲು ಒಳಪದರ ನೋಡಿ

ಪ್ರಶ್ನೆ: ಮನೆಯಲ್ಲೇ ರವಿಕೆ, ಚೂಡಿದಾರ್ ಹೊಲಿದು ಅಭ್ಯಾಸ ಇದೆ. ಬ್ರೊಂಜಿನೊ ಬರೆದ ಟೊಲೆಡೊದ ಎಲಿಯೊನೊರಾಳ ಚಿತ್ರ ನೋಡಿ ಆಸೆಯಾಯಿತು. ಡುಪಿಯನ್ ರೇಷ್ಮೆ ತಂದು ಅಂಥದ್ದೇ ಗೌನ್ ಹೊಲಿದೆ. ಅಳತೆ ಸರಿ ಇದೆ. ಆದರೂ ಎದೆಭಾಗ ಮುದುರುತ್ತದೆ, ಒಟ್ಟಾರೆ ಪಾರ್ಟಿ ಫ್ರಾಕ್ ಥರ ಕಾಣುತ್ತದೆ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಹೊಲಿಗೆಯಲ್ಲಿ ತಪ್ಪಿಲ್ಲ. ಗೌನಿನ ಒಳಗೆ ಏನೂ ಇಲ್ಲ, ಅದೇ ತೊಂದರೆ. ರೆನೈಸಾನ್ಸ್ ಕಾಲದ, ಅದರಲ್ಲೂ 16ನೇ ಶತಮಾನದ ಯುರೋಪಿನ ಸಿರಿವಂತರ ಉಡುಪಿಗೆ ಆಕಾರ ಕೊಡುತ್ತಿದ್ದದ್ದು ಮೇಲೆ ಕಾಣುವ ರೇಷ್ಮೆಯಲ್ಲ, ಅದರ ಕೆಳಗಿನ ಲಿನನ್, ಉಣ್ಣೆ ಮತ್ತು ಗಟ್ಟಿ ಕ್ಯಾನ್ವಾಸ್. ಹೊಸಬರು ದುಡ್ಡನ್ನೆಲ್ಲ ಮೇಲಿನ ಬಟ್ಟೆಗೆ ಹಾಕಿ, ಒಳಗೆ ತೆಳ್ಳಗಿನ ಲೈನಿಂಗ್ ಕೊಟ್ಟು ಮುಗಿಸುತ್ತಾರೆ. ನಾನಾದರೆ ಉಲ್ಟಾ ಮಾಡಿ ಅನ್ನುತ್ತೇನೆ.

ನೀವು ಆರಿಸಿಕೊಂಡ ಎಲಿಯೊನೊರಾಳೇ ಇದಕ್ಕೆ ಒಳ್ಳೆಯ ಉದಾಹರಣೆ. ಅವಳು ಫ್ಲಾರೆನ್ಸಿನ ಡ್ಯೂಕ್ ಒಂದನೇ ಕೊಸಿಮೊನ ಹೆಂಡತಿ. ಅಲ್ಲಿನ ಉಫಿಜಿ ಕಲಾ ಗ್ಯಾಲರಿಯಲ್ಲಿರುವ ಆ ಚಿತ್ರ ಸುಮಾರು 1545ರದು. 1562ರಲ್ಲಿ ಅವಳು ತೀರಿಕೊಂಡಾಗ ತೊಡಿಸಿ ಹೂಳಿದ್ದ ಉಡುಪು ಸಮಾಧಿಯಲ್ಲಿ ಸಿಕ್ಕಿತು. ಈಗ ಅದು ಫ್ಲಾರೆನ್ಸಿನ ಪಿಟ್ಟಿ ಅರಮನೆಯ ಸಂಗ್ರಹದಲ್ಲಿದೆ. ಚಿತ್ರದಲ್ಲಿರುವ ಗೌನೇ ಅದು ಎಂದು ಬಹಳ ಕಾಲ ನಂಬಿದ್ದರು. ಪರೀಕ್ಷೆ ಮಾಡಿದಾಗ ಬೇರೆ ಗೌನ್ ಎಂದು ತಿಳಿಯಿತು. ಸ್ಯಾಟಿನ್ ಬಟ್ಟೆ, ಅದಕ್ಕೆ ವೆಲ್ವೆಟ್ ಪಟ್ಟಿಗಳು. ಅದರ ಒಳಗೆ ಮುಂದೆ ಹುಕ್ಕು ಹಾಕುವ ಬೇರೆಯೇ ಒಂದು ವೆಲ್ವೆಟ್ ಕುಪ್ಪಸ! ಚಿತ್ರದಲ್ಲಿ ಒಂದೇ ಉಡುಪಿನಂತೆ ಕಾಣುವುದರ ಕೆಳಗೆ ಎಷ್ಟೆಲ್ಲ ಇರಬಹುದು ನೋಡಿ.

ಈಗ ನಿಮ್ಮ ಗೌನಿನ ಎದೆಭಾಗ ಬಿಚ್ಚಿ. ರವಿಕೆಯ ಟಕ್ಸ್ ಮರೆತುಬಿಡಿ, ಆ ಕಾಲದ ಗೌನುಗಳಲ್ಲಿ ಟಕ್ಸ್ ಇರಲಿಲ್ಲ. ಮುಂಭಾಗ ಹಲಗೆಯಂತೆ ಸಪಾಟಾಗಿರಬೇಕು, ಎದೆ ಸ್ವಲ್ಪ ಮೇಲಕ್ಕೆ ಹೋಗಬೇಕು. ಮೊದಲು ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ತೊಟ್ಟು ನೋಡಿ. ಕಂಕುಳ ಸುತ್ತು ಚಿಕ್ಕದಾಗಿ, ಮೇಲಕ್ಕೇ ಇರಲಿ. ತಗ್ಗಿಸಿ ಕತ್ತರಿಸಿದರೆ ಕೈ ಎತ್ತಿದಾಗ ಇಡೀ ಗೌನ್ ಮೇಲೆದ್ದು ಬರುತ್ತದೆ. ಮಾದರಿ ಮೈಗೆ ಕೂತ ಮೇಲೆಯೇ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಿ.

ಒಳಪದರಕ್ಕೆ ಎರಡು ಪದರ ಗಟ್ಟಿ ಲಿನನ್ ಅಥವಾ ಹತ್ತಿ ಕ್ಯಾನ್ವಾಸ್ ಸಾಕು. ಎರಡನ್ನೂ ಸೇರಿಸಿ ಓರೆ ಟಾಕು ಹಾಕುತ್ತಾ ಹೋಗಿ. ಕೋಟಿನ ಕಾಲರಿಗೆ ದರ್ಜಿಗಳು ಹಾಕುವ ಟಾಕು ಇದೇ. ಇಸ್ತ್ರಿಯಲ್ಲಿ ಅಂಟುವ ಕ್ಯಾನ್ವಾಸ್ ಬೇಡ, ಬೆವರು ತಗುಲಿ ಗುಳ್ಳೆ ಏಳುತ್ತದೆ. ಮೈ ತುಂಬಿಕೊಂಡಿದ್ದರೆ ಮುಂಭಾಗದಲ್ಲಿ ಉದ್ದಕ್ಕೆ ಸಣ್ಣ ಕೊಳವೆಗಳಂತೆ ಹೊಲಿದು ಕಡ್ಡಿ ತೂರಿಸಿ. ಆಗ ಜೊಂಡಿನ ಕಡ್ಡಿ ಬಳಸುತ್ತಿದ್ದರು, ಶತಮಾನದ ಕೊನೆಯ ಹೊತ್ತಿಗೆ ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿಯೂ ಬಂತು. ಈಗ ಹಾರ್ಡ್‌ವೇರ್ ಅಂಗಡಿಯ ಅಗಲ ಜಿಪ್ ಟೈ ಚೆನ್ನಾಗಿ ನಡೆಯುತ್ತದೆ. ತುದಿಗಳನ್ನು ದುಂಡಗೆ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಬಟ್ಟೆ ತೂತು ಮಾಡಿ ಮೈಗೆ ಚುಚ್ಚುತ್ತವೆ.

ಲಾಡಿ ಕಟ್ಟುವ ತೂತುಗಳಿಗೆ ಲೋಹದ ಐಲೆಟ್ ಹೊಡೆಸಬೇಡಿ. ಅದು 19ನೇ ಶತಮಾನದ್ದು, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಬಟ್ಟೆ ಕತ್ತರಿಸದೆ ದಬ್ಬಣದಲ್ಲಿ ಎಳೆಗಳನ್ನು ಸರಿಸಿ ತೂತು ಮಾಡಿ. ಜೇನುಮೇಣ ಸವರಿದ ದಾರದಿಂದ ಸುತ್ತಲೂ ಒತ್ತಾಗಿ ಹೊಲಿಯಿರಿ. ಎಳೆ ಕತ್ತರಿಸದ ಕಾರಣ ಎಷ್ಟು ಬಿಗಿದರೂ ಹರಿಯುವುದಿಲ್ಲ. ಎರಡು ಬದಿಯ ತೂತುಗಳು ಎದುರುಬದುರು ಬರದೆ ಸ್ವಲ್ಪ ಮೇಲೆ ಕೆಳಗೆ ಇರಲಿ. ಒಂದೇ ಲಾಡಿಯನ್ನು ಸುರುಳಿಯಾಗಿ ತೂರಿಸಿಕೊಂಡು ಹೋಗಬೇಕು.

ಡುಪಿಯನ್ ಬಗ್ಗೆ ಒಂದು ಮಾತು. ಅದರ ಗಂಟುಗಂಟು ಎಳೆ ನಮಗೆ ಚೆಂದ. ಆದರೆ ಚಿತ್ರಗಳಲ್ಲಿ ಕಾಣುವ ಸಿರಿವಂತರ ರೇಷ್ಮೆ ನಯವಾಗಿ, ಭಾರವಾಗಿ ಇರುತ್ತದೆ. ಮುಂದಿನ ಸಲ ದಪ್ಪ ಸ್ಯಾಟಿನ್ ಹುಡುಕಿ. ರೇಷ್ಮೆಗಿಂತ ಸಣ್ಣ ಉಣ್ಣೆ ಬಟ್ಟೆಯಲ್ಲಿ ಕಲಿಯುವುದು ಇನ್ನೂ ಒಳ್ಳೆಯದು. ಇಸ್ತ್ರಿಗೆ ಬಗ್ಗುತ್ತದೆ, ತಪ್ಪು ಹೊಲಿಗೆ ಬಿಚ್ಚಿದರೂ ಗುರುತು ಉಳಿಯುವುದಿಲ್ಲ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿದ್ದೇವೆ. ಅಕ್ಟೋಬರಿನಲ್ಲಿ, ಜನ ಹಳೆಯ ಕಾಲದ ಉಡುಪು ತೊಟ್ಟು ಹೋಗುವ ಟೆಕ್ಸಾಸ್ ರೆನೈಸಾನ್ಸ್ ಫೆಸ್ಟಿವಲ್‌ಗೆ ನನಗೊಂದು ಗೌನ್, ನಮ್ಮ ಯಜಮಾನರಿಗೊಂದು ಕೋಟು ಹೊಲಿಯಬೇಕು. ಆ ಸೆಕೆಯಲ್ಲಿ ಇಷ್ಟೆಲ್ಲ ಪದರ ಹೇಗೆ ತಡೆಯುವುದು?

ಉತ್ತರ: ಪದರ ಜಾಸ್ತಿಯಾದರೆ ಸೆಕೆ ನಿಜ. ಆದರೆ ಅದಕ್ಕಿಂತ ಕಾಡುವುದು ಪಾಲಿಯೆಸ್ಟರ್. ಮೇಲೆ, ಕೆಳಗೆ, ಲೈನಿಂಗ್‌ನಲ್ಲಿ ಎಲ್ಲೂ ಅದು ಬೇಡ. ಮೈಗೆ ತಾಗಿ ಸಡಿಲವಾದ ಲಿನನ್ ಒಳಅಂಗಿ ಇರಲಿ. ಬೆವರನ್ನು ಅದು ಹೀರಿಕೊಳ್ಳುತ್ತದೆ. ಆ ಕಾಲದವರೂ ಒಗೆಯುತ್ತಿದ್ದದ್ದು ಇದನ್ನೇ, ರೇಷ್ಮೆ ಉಣ್ಣೆಯ ಮೇಲುಡುಪನ್ನಲ್ಲ.

ರಾಣಿಯ ಗೌನೇ ಯಾಕೆ ಬೇಕು? ಯೋಆಕಿಮ್ ಬ್ಯೂಕೆಲಾರ್ 1569–70ರಲ್ಲಿ ಬರೆದ ಸಂತೆ, ಅಡುಗೆಮನೆಯ ಚಿತ್ರಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ತರಕಾರಿ, ಮೀನು ಮಾರುವ ಹೆಂಗಸರು ಅದರಲ್ಲಿ ಎಷ್ಟು ಲಕ್ಷಣವಾಗಿದ್ದಾರೆ! ತೋಳು ಮೇಲಕ್ಕೆ ಸರಿಸಿಕೊಂಡು, ಏಪ್ರನ್ ಕಟ್ಟಿಕೊಂಡು ಕೆಲಸ ಮಾಡುತ್ತಾರೆ. ಬಿಸಿಲಿನಲ್ಲಿ ದಿನವಿಡೀ ಓಡಾಡಲು ಅದೇ ಸರಿ. ತೋಳುಗಳನ್ನು ಬೇರೆಯಾಗಿ ಹೊಲಿದು ಹೆಗಲಿಗೆ ಲಾಡಿಯಲ್ಲಿ ಕಟ್ಟಿ. ಇದು ಅವತ್ತಿನ ಪದ್ಧತಿಯೇ. ಮಧ್ಯಾಹ್ನ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬಹುದು.

ಯಜಮಾನರ ಕೋಟಿಗೆ ಹೋಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರ ನೋಡಿ. ಎಡಗಡೆಯವರದು ಮುಂದೆ ತೆರೆದ ಕೋಟು, ಹೆಗಲ ಮೇಲೆ ಅಗಲವಾಗಿ ಮಡಚಿದ ತುಪ್ಪಳ. ಆ ಮಡಚಿದ ಜಾಗಕ್ಕಷ್ಟೇ ಕೃತಕ ತುಪ್ಪಳ ಅಥವಾ ಹತ್ತಿ ವೆಲ್ವೆಟ್ ಕೊಡಿ, ಉಳಿದ ಕಡೆ ತೆಳು ಲಿನನ್ ಲೈನಿಂಗ್ ಸಾಕು. ಇದು ಮೋಸವಲ್ಲ. ಕಾಣದ ಕಡೆ ಅಗ್ಗದ ತುಪ್ಪಳ ಹಾಕುವುದು ಅವತ್ತಿನ ದರ್ಜಿಗಳಿಗೂ ಗೊತ್ತಿತ್ತು.

ಪ್ರಶ್ನೆ: ಹಳೆಯ ರೇಷ್ಮೆ ಸೀರೆಯಲ್ಲಿ ಗೌನಿನ ಲಂಗ ಹೊಲಿಯಬಹುದಾ? ಬಟ್ಟೆ ಸಾಲುತ್ತದಾ?

ಉತ್ತರ: ಐದೂವರೆ ಮೀಟರ್ ಸಾಲುತ್ತದೆ, ಲಂಗದ ಘೇರು ಮೂರು ಮೂರೂವರೆ ಮೀಟರ್ ಇದ್ದರೆ ಧಾರಾಳ. ತುಂಡು ಕಡಿಮೆ ಬಿದ್ದರೆ ಜೋಡಿಸಿ. ಹ್ವಾನ್ ದೆ ಅಲ್ಸೆಗಾ ಎಂಬ ಸ್ಪೇನಿನ ದರ್ಜಿ 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ಸಣ್ಣ ಪನ್ನದ ಬಟ್ಟೆಯಲ್ಲಿ ದೊಡ್ಡ ಗೌನಿನ ಭಾಗಗಳನ್ನು ಹೇಗೆ ಕೂರಿಸಬೇಕೆಂಬ ನಕ್ಷೆಗಳೇ ತುಂಬಿವೆ. ಜೋಡು ಹೊಲಿಗೆ ಬಗ್ಗೆ ಅವರಿಗೆ ಮುಜುಗರ ಇರಲಿಲ್ಲ.

ಆದರೆ ಮೈಸೂರು ಕ್ರೇಪ್ ಬೇಡ. ಅದು ಮೈಗೆ ಅಂಟಿ ಇಳಿಯುತ್ತದೆ, ಇಲ್ಲಿ ಲಂಗ ಸೊಂಟದಿಂದ ಹೊರಕ್ಕೆ ನಿಲ್ಲಬೇಕು. ಮಾವಿನಕಾಯಿ ಬುಟ್ಟಾ ಇರುವ ಸೀರೆಯೂ ಸರಿಹೋಗದು, ನೋಡಿದ ತಕ್ಷಣ ಸೀರೆಯೆಂದೇ ಗೊತ್ತಾಗುತ್ತದೆ. ಖಾಲಿ ಒಡಲಿನ ದಪ್ಪ ರೇಷ್ಮೆಯಾದರೆ ಚೆಂದ.

ಸೊಂಟದ ನೆರಿಗೆಯನ್ನು ಕೈಯಲ್ಲೇ ಹಾಕಿ. ಮೇಲಂಚು ಮಡಚಿ, ಒಳಗೆ ಉಣ್ಣೆಯ ಪಟ್ಟಿ ಇಡಿ. ಒಂದರ ಕೆಳಗೊಂದು ಎರಡು ಮೂರು ಸಾಲು ಸಮ ಅಂತರದ ಓಡು ಹೊಲಿಗೆ ಹಾಕಿ ದಾರ ಎಳೆಯಿರಿ. ಬಟ್ಟೆ ಕೊಳವೆ ಕೊಳವೆಯಾಗಿ ನಿಲ್ಲುತ್ತದೆ. ಪ್ರತಿ ಕೊಳವೆಯ ತುದಿಯನ್ನೂ ಸೊಂಟಪಟ್ಟಿಗೆ ಎರಡೆರಡು ಟಾಕು ಹಾಕಿ ಕೂರಿಸಿ. ಉದ್ದದ ಜೋಡು ಹೊಲಿಗೆಗಳನ್ನು ಬೇಕಾದರೆ ಮೆಷಿನ್ನಿನಲ್ಲಿ ಹಾಕಿ, ಯಾರಿಗೂ ಕಾಣುವುದಿಲ್ಲ. ಕೆಳ ಅಂಚನ್ನು ಮಾತ್ರ ಕೊನೆಗೆ, ಒಳಲಂಗ ತೊಟ್ಟು, ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು, ಬೇರೆಯವರ ಕೈಲಿ ಗುರುತು ಮಾಡಿಸಿಕೊಂಡು ಮಡಚಿ.