ಮಗಳ ಮುರಿದ ಹಲ್ಲು: ರೂಟ್ ಕೆನಾಲ್‌ಗೆ ಒಪ್ಪುವ ಮುಂಚೆ

ಒಂಬತ್ತು ವರ್ಷದ ಮಗಳ ಮುಂದಿನ ಹಲ್ಲು ಮುರಿದಿದೆ, ರೂಟ್ ಕೆನಾಲ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಮುರಿದ ಜಾಗದಲ್ಲಿ ಕಾಣ್ತಿರೋ ಕೆಂಪು ಚುಕ್ಕೆ ಪಲ್ಪ್, ಅಂದರೆ ಹಲ್ಲಿನೊಳಗಿನ ತಿರುಳು. ತಣ್ಣೀರು ತಾಗಿದರೆ ಚುಳ್ ಅಂದು ಕೂಡಲೇ ಕಡಿಮೆಯಾಗುತ್ತೆ ಅಂದಿರಿ, ಅಂದರೆ ತಿರುಳಿಗೆ ಬಹುಶಃ ಇನ್ನೂ ಜೀವ ಇದೆ. ಮಳೆಗಾಲದಲ್ಲಿ ಪಾಚಿ ಅಂಗಳದಲ್ಲಿ ಜಾರಿ ಬಿದ್ದ ಮಕ್ಕಳು ನಮ್ಮಲ್ಲಿಗೆ ಹೀಗೇ ಬರ್ತಾರೆ. ಒಂಬತ್ತು ವರ್ಷಕ್ಕೆ ಬೇರಿನ ತುದಿ ಸಾಮಾನ್ಯವಾಗಿ ಪೂರ್ತಿ ಕೂಡಿರಲ್ಲ. ತಿರುಳು ಉಳಿದರೆ ಬೇರು ಬೆಳೆದು ಗಟ್ಟಿಯಾಗುತ್ತೆ, ಅದಕ್ಕೇ ತಿರುಳನ್ನು ಪೂರ್ತಿ ತೆಗೆದುಬಿಡುವ ರೂಟ್ ಕೆನಾಲ್‌ಗೆ ಆತುರ ಬೇಡ.

ಲವಂಗದೆಣ್ಣೆ ಹಚ್ಚಲೇಬೇಡಿ, ತೆರೆದ ತಿರುಳನ್ನು ಅದು ಸುಡುತ್ತೆ. ಮುರಿದ ಚೂರು ಸಿಕ್ಕಿದ್ದರೆ ನೀರಲ್ಲಿ ಹಾಕಿಕೊಂಡು ನಾಳೆಯೇ ಹೊರಡಿ. ತೀರ್ಥಹಳ್ಳಿಯಲ್ಲಿ ಮಕ್ಕಳ ದಂತವೈದ್ಯರು ಸಿಗದಿದ್ದರೆ ಶಿವಮೊಗ್ಗಕ್ಕೇ ಹೋಗಿ.

ಅಲ್ಲಿ "ಪಾರ್ಷಿಯಲ್ ಪಲ್ಪಾಟಮಿ ಆಗುತ್ತಾ?" ಅಂತ ಕೇಳಿ. ಮೇಲಿನ ಸುಮಾರು 2 ಮಿ.ಮೀ. ತಿರುಳು ತೆಗೆದು, ರಕ್ತ ನಿಂತ ಮೇಲೆ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್ ಇಡ್ತಾರೆ. ಅದು ಗಟ್ಟಿಯಾಗುತ್ತಾ ಕ್ಯಾಲ್ಸಿಯಂ ಬಿಡುತ್ತೆ, ಸುತ್ತ ಸುಣ್ಣದ ಹಾಗೆ ಕ್ಷಾರ ಹೆಚ್ಚಿ ಬ್ಯಾಕ್ಟೀರಿಯಾಕ್ಕೆ ಜಾಗ ಇರಲ್ಲ. ಡೆಂಟಿನ್‌ನಲ್ಲಿ, ಅಂದರೆ ತಿರುಳಿನ ಸುತ್ತ ಇರುವ ಹಲ್ಲಿನ ಗಟ್ಟಿ ಭಾಗದಲ್ಲಿ, ಅಡಗಿದ್ದ ಬೆಳವಣಿಗೆಯ ಪ್ರೋಟೀನುಗಳೂ ಹೊರಬರುತ್ತವೆ. ಅವುಗಳ ಕರೆಗೆ ತಿರುಳಿನ ಕಾಂಡಕೋಶಗಳು (ಸ್ಟೆಮ್ ಸೆಲ್) ಓಗೊಟ್ಟು ಗಾಯದ ಮೇಲೆ ತಾವೇ ಹೊಸ ಗಟ್ಟಿ ಪದರ ಕಟ್ಟುತ್ತವೆ. ಈ ಸಿಮೆಂಟ್‌ಗಳಲ್ಲಿ ಒಂದಾದ ಎಂಟಿಎ ಹಲ್ಲನ್ನು ಬೂದು ಬಣ್ಣಕ್ಕೆ ತಿರುಗಿಸಬಹುದು. ಮುಂದಿನ ಹಲ್ಲಾದ್ದರಿಂದ ಇದೇ ಜಾತಿಯ ಇನ್ನೊಂದು ಸಿಮೆಂಟ್ ಬಯೋಡೆಂಟಿನ್ ಇದೆಯಾ ವಿಚಾರಿಸಿ.

ಕೆಲವು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಇನ್ನೂ ಆಳಕ್ಕೆ ತೆಗೆಯಬೇಕಾಗಬಹುದು. ಹಲ್ಲು ತೆರೆಯುವ ಮುಂಚೆ ಅದನ್ನು ಯಾರೂ ಖಚಿತವಾಗಿ ಹೇಳಲಾರರು.

ಆಮೇಲೆ 6–8 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ, ವರ್ಷಕ್ಕೆ ತೋರಿಸಿ. ಎಕ್ಸ್‌ರೇಯಲ್ಲಿ ಬೇರು ಬೆಳೆದಿದೆಯಾ ಕೇಳಿ. ನಡುವೆ ರಾತ್ರಿ ತಾನಾಗೇ ನೋವು ಬಂದರೆ, ಒಸಡಿನಲ್ಲಿ ಕೀವುಗುಳ್ಳೆ ಎದ್ದರೆ ಕಾಯದೆ ಹೋಗಿ.