ಅಂಬಾಸಿಡರ್ ಮ್ಯಾನಿಫೋಲ್ಡ್ ನಟ್ಟು: ಇನ್ನು ಬಲ ಹಾಕಬೇಡಿ
ನಿಮ್ಮ ಅಂಬಾಸಿಡರಿನ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೊಯ್ಯುವ ಕೊಳವೆ) ನಟ್ಟುಗಳು ಬಿಚ್ಚುತ್ತಿಲ್ಲ, ಒಂದರ ಮೂಲೆಯೂ ಸವೆದಿದೆ ಎಂದು ಕೇಳಿದ್ದೀರಿ. ವರ್ಷಗಟ್ಟಲೆ ಕಾದು ತಣಿದು, ನಟ್ಟು ಮತ್ತು ಅದು ಕೂರುವ ಸ್ಟಡ್ಡು (ತಿರುಪಿನ ಸರಳು) ತುಕ್ಕಿನಲ್ಲಿ ಕಚ್ಚಿಕೊಂಡಿರುವಂತಿದೆ. ಹಳೆಯ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಇದು ಮಾಮೂಲು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದೆ ಎಂದಿದ್ದೀರಿ. ನಿಲ್ಲಿಸಿ. ಹಾಗೆ ಮಾಡಿಯೇ ನಾನೊಂದು ಸ್ಟಡ್ಡನ್ನು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೆ ಮುರಿದುಕೊಂಡೆ.

ಹೊರಗೆ ಕಾಣುವ ಥ್ರೆಡ್ಡನ್ನು (ತಿರುಪಿನ ಗೆರೆಗಳನ್ನು) ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನಟ್ಟಿನ ಪಕ್ಕಗಳಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಆರು ಮೂಲೆಯ ಸಾಕೆಟ್ಟಿನಿಂದ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಿರ್ರೆಂದರೆ ಒಳ್ಳೆಯ ಲಕ್ಷಣ: ತುಸು ಮುಂದೆ, ತುಸು ಹಿಂದೆ, ಮತ್ತೆ ಎಣ್ಣೆ. ಸದ್ದಿಲ್ಲದೆ ರಬ್ಬರಿನಂತೆ ಹೊರಳಿದರೆ ಸ್ಟಡ್ಡು ತಿರುಚಿಕೊಳ್ಳುತ್ತಿದೆ, ಕೂಡಲೇ ಕೈಬಿಡಿ.

ಆಗ ಬೆಂಕಿಯೇ ಗತಿ. ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್ ಮ್ಯಾನಿಫೋಲ್ಡ್ ಇರುವ ಬದಿಗೇ ಇರುವುದರಿಂದ ಅದನ್ನೂ ಪೆಟ್ರೋಲ್ ಪೈಪನ್ನೂ ಕಳಚಿ ದೂರವಿಡಿ. ಪೈಪಿನ ಬಾಯಿ ಮುಚ್ಚಿ, ಚೆಲ್ಲಿದ ಎಣ್ಣೆ ಒರೆಸಿ. ಉಕ್ಕಿನ ನಟ್ಟಾದರೆ ಅದನ್ನು ಮಾತ್ರ ಮಂಕು ಕೆಂಪಾಗುವವರೆಗೆ ಕಾಯಿಸಿ, ಕೊಂಚ ತಣಿದ ಮೇಲೆ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿ. ಕರಗಿದ ಮೇಣ ಥ್ರೆಡ್ಡಿಗೆ ಇಳಿಯುತ್ತದೆ. ಹಿತ್ತಾಳೆಯದಾದರೆ ಅಷ್ಟು ಕಾಯಿಸಬೇಡಿ.

ಮೂಲೆ ಸವೆದ ಆ ಒಂದು ನಟ್ಟಿಗೆ ಸಾಕೆಟ್ ಹಿಡಿಯುತ್ತದೆಯೋ ಇಲ್ಲವೋ, ನೋಡದೆ ಹೇಳಲಾರೆ. ಜಾರಿದರೆ ಅದರ ಮೇಲೆ ದೊಡ್ಡ ನಟ್ಟೊಂದನ್ನು ವೆಲ್ಡ್ ಮಾಡಿಸಿ ತಿರುಗಿಸಿ. ಮರಳಿ ಕೂರಿಸುವಾಗ ಹಿತ್ತಾಳೆ ನಟ್ಟು ಹಾಕಿ.