ಸ್ಟ್ಯಾನ್‌ಫರ್ಡ್ ಲೇಖನದಲ್ಲಿ ಅಂಗಡಿಯೇ ಇಲ್ಲ

ನಮಸ್ಕಾರ.

ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ, ರೈಲು ಕಂಪನಿ ನಡೆಸಿದ ಲೀಲಂಡ್ ಸ್ಟ್ಯಾನ್‌ಫರ್ಡ್ ಕುರಿತು ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಓದಿಕೊಂಡಿದ್ದೀರಿ, ಅದು ಗೊತ್ತಾಗುತ್ತದೆ. ಆದರೆ ಬರೆದದ್ದು ಅಭಿನಂದನ ಗ್ರಂಥಕ್ಕೆ ಒಪ್ಪುವ ಬರಹ.

'ಬಡವನಾಗಿ ಹುಟ್ಟಿ, ಚಿನ್ನ ಅಗೆದು, ಜನಪ್ರೀತಿಯಿಂದ ಗವರ್ನರ್ ಆದ' ಎಂಬ ಮೊದಲ ಸಾಲಿನಲ್ಲೇ ಮೂರು ತಪ್ಪುಗಳಿವೆ. ತಂದೆಗೆ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಬಳಿ ಜಮೀನಿತ್ತು. ಮಗ ಕಾನೂನು ಓದಿ ವಿಸ್ಕಾನ್ಸಿನ್‌ನಲ್ಲಿ ವಕೀಲನಾಗಿದ್ದ. 1852ರಲ್ಲಿ ಪುಸ್ತಕಗಳೆಲ್ಲ ಬೆಂಕಿಗೆ ಹೋದ ಮೇಲೆ, ಆಗಲೇ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರಕ್ಕಿಳಿದಿದ್ದ ಸೋದರರ ಬಳಿ ಹೋದ. ಚಿನ್ನ ಅಗೆಯುವವರಿಗೆ ಸಾಮಾನು ಮಾರಿ ದುಡ್ಡು ಮಾಡಿದ. ಇನ್ನು ಜನಪ್ರೀತಿ: 1857ರಲ್ಲಿ ರಾಜ್ಯ ಖಜಾಂಚಿ ಸ್ಥಾನಕ್ಕೆ, 1859ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಸೋತ. 1861ರಲ್ಲಿ ಗೆದ್ದದ್ದು ಎದುರಾಳಿ ಡೆಮಾಕ್ರಟರು ಒಡೆದು ಇಬ್ಬರನ್ನು ನಿಲ್ಲಿಸಿದಾಗ.

ಅಂಗಡಿಗೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ನ್ಯೂಯಾರ್ಕಿನ ಸರಕು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ತರಿಸುವಾಗಿನ ದರ ಇಳಿಸುವಾಗ ಇರುತ್ತಿರಲಿಲ್ಲ, ನಾಲ್ಕು ಹಡಗು ಒಟ್ಟಿಗೆ ಬಂದರೆ ಬೆಲೆ ಕುಸಿಯುತ್ತಿತ್ತು. ಸ್ಯಾಕ್ರಮೆಂಟೊವರೆಗೆ ನದಿ, ಅಲ್ಲಿಂದ ಗುಡ್ಡಕ್ಕೆ ಬಂಡಿ, ಹೇಸರಗತ್ತೆ. ಮಿಷಿಗನ್ ಬ್ಲಫ್‌ನಂಥ ಗಣಿ ಊರಲ್ಲಿ ಕೊಟ್ಟ ಉದ್ರಿ, ಚಿನ್ನ ಬತ್ತಿ ಗಿರಾಕಿ ಗಂಟು ಕಟ್ಟಿದ ದಿನ ಮುಳುಗಿದಂತೆಯೇ. ಇದನ್ನು ಹೇಳಿದರೆ ರೈಲಿನ ಆಸೆ ಎಲ್ಲಿಂದ ಬಂತೆಂದು ಬೇರೆ ವಿವರಿಸಬೇಕಿಲ್ಲ. ರೈಲು ಕಂಪನಿ ನಡೆಸಿದ ನಾಲ್ವರೂ ವ್ಯಾಪಾರಿಗಳೇ: ಹಂಟಿಂಗ್ಟನ್, ಹಾಪ್ಕಿನ್ಸ್ ಕಬ್ಬಿಣದ ಸಾಮಾನಿನವರು, ಕ್ರಾಕರ್ ಜವಳಿಯವನು, ಸ್ಟ್ಯಾನ್‌ಫರ್ಡ್ ದಿನಸಿಯವನು. ಸಿಯೆರಾ ಪರ್ವತದಾಚೆಯ ನೆವಾಡಾದ ಬೆಳ್ಳಿ ಗಣಿಗಳ ವ್ಯಾಪಾರದ ಮೇಲೂ ನಾಲ್ವರ ಕಣ್ಣಿತ್ತು. ಆ ಪರ್ವತ ದಾಟಲು ರೈಲಿಗೆ ದಾರಿ ಹುಡುಕಿದ ಎಂಜಿನಿಯರ್ ಥಿಯೊಡೋರ್ ಜೂಡಾ ಹೆಸರೇ ನಿಮ್ಮಲ್ಲಿಲ್ಲ!

'ಸರ್ಕಾರ ಹಣ ಕೊಟ್ಟಿತು' ಎಂದರೆ ಸಾಲದು. 1862ರ ಪೆಸಿಫಿಕ್ ರೈಲ್ವೆ ಕಾಯ್ದೆ ಜಮೀನಿನ ಜೊತೆಗೆ ಕೊಟ್ಟದ್ದು ಸರ್ಕಾರಿ ಸಾಲಪತ್ರ (ಬಾಂಡ್): ಬಯಲಲ್ಲಿ ಮೈಲಿಗೆ 16,000 ಡಾಲರ್, ಪರ್ವತದಲ್ಲಿ 48,000. ಅದೂ ಮೊದಲ 40 ಮೈಲಿ ಹಾಕಿ ಮುಗಿಸಿದ ಮೇಲೆ. ಅಲ್ಲಿಯವರೆಗಿನ ಬಂಡವಾಳಕ್ಕೆ ಕೌಂಟಿಗಳ (ಜಿಲ್ಲೆಗಳ), ರಾಜ್ಯದ ನೆರವು ಬೇಕಿತ್ತು. 1861ರ ಜೂನ್‌ನಿಂದ ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿಯ ಅಧ್ಯಕ್ಷ, 1862ರ ಜನವರಿಯಿಂದ ಗವರ್ನರ್, ಎರಡೂ ಸ್ಟ್ಯಾನ್‌ಫರ್ಡ್ ಒಬ್ಬನೇ. ಇದು ನಿಮ್ಮ ಲೇಖನದ ಬೆನ್ನೆಲುಬಾಗಬೇಕು. ರಾಜ್ಯದ ಭೂವಿಜ್ಞಾನಿ ವಿಟ್ನಿ, ಸ್ಯಾಕ್ರಮೆಂಟೊದಿಂದ ಸುಮಾರು 7 ಮೈಲಿ ದೂರದ ಆರ್ಕೇಡ್ ಕ್ರೀಕ್‌ನಲ್ಲೇ ಪರ್ವತದ ಬುಡ ಎಂದ. ಕಣ್ಣಿಗೆ ಅದು ಬಯಲು. ಲಿಂಕನ್ ಒಪ್ಪಿದರು, ಮೈಲಿಯ ದರ ಮೂರು ಪಟ್ಟಾಯಿತು.

ಚೀನೀ ಕಾರ್ಮಿಕರ ಭಾಗವನ್ನು 'ಅವರ ಶ್ರಮಕ್ಕೆ ನಮನ' ಎಂದು ಮುಗಿಸಿದ್ದೀರಿ. ಅದನ್ನು ಹೊಡೆದುಹಾಕಿ. 1862ರಲ್ಲಿ ಗವರ್ನರ್ ಆಗಿ ಅಧಿಕಾರ ಸ್ವೀಕಾರದ ಭಾಷಣದಲ್ಲಿ ಸ್ಟ್ಯಾನ್‌ಫರ್ಡ್ ಏಷ್ಯನ್ನರ ವಲಸೆಯನ್ನು ಹಳಿದದ್ದು, ಅದೇ ವರ್ಷ ಚೀನೀಯರ ಮೇಲೆ ತಿಂಗಳಿಗೆ 2.50 ಡಾಲರ್ ತೆರಿಗೆ ಹೇರುವ ಕಾನೂನಿಗೆ ಸಹಿ ಹಾಕಿದ್ದು, 1865ರಿಂದ ಆತನ ಕಂಪನಿಯೇ ಅವರನ್ನು ಸಾವಿರಗಟ್ಟಲೆ ಸೇರಿಸಿಕೊಂಡದ್ದು, 1867ರ ಜೂನ್‌ನಲ್ಲಿ ಅವರು ಮುಷ್ಕರ ಹೂಡಿದಾಗ ಕ್ರಾಕರ್ ಆಹಾರ ಸರಬರಾಜು ನಿಲ್ಲಿಸಿ ಮಣಿಸಿದ್ದು: ಇಷ್ಟನ್ನು ಸಾಲಾಗಿ ಇಡಿ, ಗುಣವಾಚಕ ಬೇಡ. ದಿನಸಿ ಯಾರ ಕೈಲಿದೆಯೋ ಅವರೇ ಯಜಮಾನರು ಎಂಬುದು ಗಣಿ ಊರಿನ ಅಂಗಡಿಯಲ್ಲೇ ಕಲಿಯುವ ಪಾಠವಲ್ಲವೇ?

ಎರಡೂ ಕಡೆಯ ಹಳಿ ಕೂಡಿದ ಯೂಟಾದ ಪ್ರಾಮಂಟರಿಯಲ್ಲಿ 1869ರ ಮೇ 10ರಂದು 'ಚಿನ್ನದ ಮೊಳೆ ಜಡಿದ' ಎಂದಿದ್ದೀರಿ. ಚಿನ್ನ ಮೆದು, ಜಡಿಯಲಾಗದು. ಮೊದಲೇ ಕೊರೆದ ತೂತಿಗೆ ಇಳಿಸಿ, ಆಮೇಲೆ ತೆಗೆದಿಟ್ಟರು. ಕೊನೆಗೆ ಬಡಿದದ್ದು ಕಬ್ಬಿಣದ್ದು.

1885ರ ನಂತರದ ಸೆನೆಟ್ ಅವಧಿಗೆ ಒಂದು ಪ್ಯಾರಾ, ತೀರಿಕೊಂಡ ಮಗನ ಹೆಸರಿನ ವಿಶ್ವವಿದ್ಯಾಲಯಕ್ಕೆ ಎರಡು ವಾಕ್ಯ ಸಾಕು. ಅದು ನಮ್ಮ ಓದುಗರಿಗೆ ಗೊತ್ತು. ಮೈಲಿಯನ್ನು ಕಿಲೋಮೀಟರಿಗೆ ಬದಲಿಸಬೇಡಿ, ಸಾಲದ ಲೆಕ್ಕ ಕೆಡುತ್ತದೆ. ಡಾಲರನ್ನು ಇಂದಿನ ರೂಪಾಯಿಗೂ ಇಳಿಸಬೇಡಿ. 1,500 ಪದಗಳೊಳಗೆ ತಿದ್ದಿ ಕಳಿಸಿದರೆ ಮತ್ತೆ ನೋಡುತ್ತೇವೆ.